ಅರೇಬಿಕಾ ಮತ್ತು ರೋಬಸ್ಟಾ: ಒಂದೇ ಕುಲ, ಎರಡು ಹಣೆಬರಹ

ನಮ್ಮ ಸಂಘದ ಸದಸ್ಯರಲ್ಲಿ ಬಹುಮಂದಿ ಎರಡು ಬಗೆಯ ಕಾಫಿಯನ್ನೂ ಬೆಳೆಯುವವರು. ಎತ್ತರದ ತುಂಡಿನಲ್ಲಿ ಅರೇಬಿಕಾ, ಕೆಳಗಿನ ಜಾಗದಲ್ಲಿ ರೋಬಸ್ಟಾ, ಅಡಿಕೆ ಸಾಲುಗಳ ನಡುವೆ ಖಾಲಿ ಇದ್ದಲ್ಲೆಲ್ಲ ಇನ್ನಷ್ಟು ರೋಬಸ್ಟಾ ಎಂಬುದು ಸಾಮಾನ್ಯ ಪದ್ಧತಿ. ಯಾವ ಗಿಡಕ್ಕೆ ಯಾವಾಗ ಗೊಬ್ಬರ, ಯಾವುದಕ್ಕೆ ಎಷ್ಟು ನೆರಳು, ಯಾವುದರ ಕಪಾತು ಹೇಗೆ ಎಂಬುದನ್ನು ನಮ್ಮವರಿಗೆ ಹೊಸದಾಗಿ ಹೇಳಬೇಕಾದ್ದಿಲ್ಲ. ಆದರೆ ಈ ಎರಡು ಗಿಡಗಳು ಒಂದಕ್ಕೊಂದು ಏನಾಗಬೇಕು, ಅವುಗಳ ತವರು ಯಾವುದು, ಆ ತವರಿನಲ್ಲಿ ಅವುಗಳ ಈಗಿನ ಸ್ಥಿತಿ ಏನು ಎಂಬುದನ್ನು ವಿಚಾರಿಸುವವರು ಕಡಿಮೆ. ನಿತ್ಯ ಕೈಯಾಡಿಸುವ ಗಿಡದ ಕುಲಗೋತ್ರ ತಿಳಿದಿರುವುದು ಒಳ್ಳೆಯದು. ಅದರಿಂದ ತೋಟಕ್ಕೂ ಪ್ರಯೋಜನ ಉಂಟು.

ವಿಚಾರಿಸಲು ಇನ್ನೊಂದು ಕಾರಣವೂ ಇದೆ. ಜಗತ್ತಿನ ಗಿಡಮರ, ಪ್ರಾಣಿ, ಪಕ್ಷಿಗಳ ಸ್ಥಿತಿಗತಿಯನ್ನು ಅಳೆದು ದಾಖಲಿಸುವ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟವು ಒಂದು 'ಕೆಂಪು ಪಟ್ಟಿ'ಯನ್ನು ಇಟ್ಟಿದೆ. ಅದರಲ್ಲಿ ರೋಬಸ್ಟಾ 'ಸದ್ಯಕ್ಕೆ ಆತಂಕವಿಲ್ಲ' ಎಂಬ ವರ್ಗದಲ್ಲಿದೆ. ಅರೇಬಿಕಾ ಮಾತ್ರ 'ಅಳಿವಿನ ಅಪಾಯದಲ್ಲಿದೆ' ಎಂಬ ವರ್ಗಕ್ಕೆ ಸೇರಿದೆ. ಚಿಕ್ಕಮಗಳೂರಿನಿಂದ ಬ್ರೆಜಿಲ್‌ವರೆಗೆ ಕೋಟಿಗಟ್ಟಲೆ ಗಿಡಗಳಿರುವಾಗ ಅರೇಬಿಕಾ ಅಳಿಯುವುದೆಂದರೇನು ಎಂದು ಯಾರಿಗಾದರೂ ಅನ್ನಿಸೀತು. ಈ ಪ್ರಶ್ನೆಗೆ ಉತ್ತರ ಹುಡುಕುವುದೇ ಈ ಲೇಖನದ ಉದ್ದೇಶ.

ಒಂದೇ ಮನೆತನ

ಎರಡು ಕಾಫಿಗಳೂ ರೂಬಿಯೇಸಿ ಎಂಬ ಸಸ್ಯಕುಟುಂಬಕ್ಕೆ ಸೇರಿದವು. ಹೂಬಿಡುವ ಸಸ್ಯಗಳ ದೊಡ್ಡ ಕುಟುಂಬಗಳಲ್ಲಿ ಇದೊಂದು. ಹದಿಮೂರು ಸಾವಿರಕ್ಕೂ ಹೆಚ್ಚು ಪ್ರಭೇದಗಳು ಇದರಲ್ಲಿವೆ. ನಮ್ಮ ಬೇಲಿಯ ಕಾರೆ, ಗುಡ್ಡದ ಕೇಪಳ, ಔಷಧಿಯ ಮಂಜಿಷ್ಠ, ಮಲೇರಿಯಾಕ್ಕೆ ಕ್ವಿನೈನ್ ಕೊಟ್ಟ ಸಿಂಕೋನಾ ಎಲ್ಲವೂ ಇದೇ ಮನೆತನದವು. ಕೇಪಳದ ಒಂದು ಟೊಂಗೆಯನ್ನೂ ಕಾಫಿಯ ಒಂದು ಟೊಂಗೆಯನ್ನೂ ಅಕ್ಕಪಕ್ಕ ಹಿಡಿದು ನೋಡಿ. ಎಲೆಗಳು ಎರಡೆರಡಾಗಿ ಎದುರುಬದುರು ಕೂತಿರುತ್ತವೆ. ಎರಡು ಎಲೆತೊಟ್ಟುಗಳ ನಡುವೆ ಒಂದು ಚಿಕ್ಕ ಮೂಲೆಯಾಕಾರದ ಪೊರೆ ಇರುತ್ತದೆ. ಹೂವಿನ ದಳಗಳು ಬುಡದಲ್ಲಿ ಕೊಳವೆಯಾಗಿ ಕೂಡಿಕೊಂಡಿರುತ್ತವೆ. ಈ ಕುಟುಂಬದ ಗುರುತು ಇದೇ.

ಕುಟುಂಬದ ಒಳಗೆ ಕಾಫಿಯ ಕುಲಕ್ಕೆ 'ಕಾಫಿಯಾ' ಎಂದು ಹೆಸರು. ಸ್ವೀಡನ್ನಿನ ಲಿನೇಯಸ್ 1753ರಲ್ಲಿ ನಮ್ಮ ಹಳೆಯ ಕಾಫಿಗೆ 'ಕಾಫಿಯಾ ಅರೇಬಿಕಾ' ಎಂದು ಹೆಸರಿಟ್ಟ. ಆಗ ಯುರೋಪಿನವರಿಗೆ ಕಾಫಿ ಬರುತ್ತಿದ್ದುದು ಅರಬ್ ದೇಶದ ಯೆಮೆನ್‌ನಿಂದ. ಆದುದರಿಂದ ಅದು ಅರಬರ ಗಿಡವೆಂದೇ ಆತ ತಿಳಿದ. ನಿಜವಾದ ತವರು ಕೆಂಪು ಸಮುದ್ರದ ಆಚೆ, ಆಫ್ರಿಕದ ಇಥಿಯೋಪಿಯದಲ್ಲಿತ್ತು.

ರೋಬಸ್ಟಾದ ಶಾಸ್ತ್ರೀಯ ಹೆಸರು 'ಕಾಫಿಯಾ ಕೆನೆಫೋರಾ'. ಈ ಹೆಸರು ಪ್ರಕಟವಾದದ್ದು 1897ರಲ್ಲಿ. ಅರೇಬಿಕಾಕ್ಕೆ ಹೆಸರಿಟ್ಟು ಸುಮಾರು ಒಂದೂವರೆ ಶತಮಾನ ಕಳೆದಿತ್ತು. 'ರೋಬಸ್ಟಾ' ಎಂಬುದು ವ್ಯಾಪಾರದವರು ಇಟ್ಟ ಹೆಸರು. 1900ರ ಸುಮಾರಿಗೆ ಬ್ರಸೆಲ್ಸ್ ನಗರದ ಒಂದು ಸಸ್ಯವ್ಯಾಪಾರ ಸಂಸ್ಥೆ ಕಾಂಗೋದಿಂದ ಬಂದ ಈ ಗಿಡವನ್ನು 'ಗಟ್ಟಿಮುಟ್ಟಾದದ್ದು' ಎಂಬ ಅರ್ಥದ ಈ ಹೆಸರಿನಲ್ಲಿ ಮಾರಿತು. ಅಲ್ಲಿಂದ ಅದು ಜಾವಾಕ್ಕೆ ಹೋಯಿತು. ಎಲೆ ತುಕ್ಕು ರೋಗದಿಂದ ಅರೇಬಿಕಾ ಕಳೆದುಕೊಂಡು ಕೈಸುಟ್ಟುಕೊಂಡಿದ್ದ ಅಲ್ಲಿನ ಬೆಳೆಗಾರರು ಇದನ್ನು ಎರಡೂ ಕೈಯಿಂದ ಬರಮಾಡಿಕೊಂಡರು. ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ನಮ್ಮ ದೇಶಕ್ಕೂ ಬಂತು.

ಕಾಫಿಯಾ ಕುಲದಲ್ಲಿ ಇವೆರಡೇ ಅಲ್ಲ, ನೂರಿಪ್ಪತ್ತಕ್ಕೂ ಹೆಚ್ಚು ಪ್ರಭೇದಗಳಿವೆ. ಬಹುಪಾಲು ಆಫ್ರಿಕ ಮತ್ತು ಮಡಗಾಸ್ಕರಿನವು. ಹಿಂದೆ ಬೇರೆ ಕುಲವೆಂದು ಎಣಿಸುತ್ತಿದ್ದ ಕೆಲವು ಗಿಡಗಳನ್ನು 2011ರಲ್ಲಿ ಇದೇ ಕುಲಕ್ಕೆ ಸೇರಿಸಿದ ಮೇಲೆ ದಕ್ಷಿಣ ಭಾರತದ ಕಾಡಿನ ಟ್ರಾವಂಕೋರೆನ್ಸಿಸ್ ಮುಂತಾದವೂ ಈ ಲೆಕ್ಕಕ್ಕೆ ಬಂದಿವೆ. ಕುಡಿಯಲು ಬೆಳೆಯುವವು ಮಾತ್ರ ಮುಖ್ಯವಾಗಿ ನಮ್ಮ ಈ ಎರಡೇ.

ತಂದೆ ಯಾರು, ಮಗ ಯಾರು?

ಅರೇಬಿಕಾ ಹಿರಿಯಣ್ಣ, ರೋಬಸ್ಟಾ ನಿನ್ನೆ ಮೊನ್ನೆ ಬಂದ ತಮ್ಮ ಎಂಬ ಭಾವನೆ ನಮ್ಮಲ್ಲಿ ಉಂಟು. ತೋಟಕ್ಕೆ ಬಂದ ಕ್ರಮದಲ್ಲಿ ಅದು ಸರಿಯೇ. ಆದರೆ ಪ್ರಕೃತಿಯಲ್ಲಿ ಸಂಬಂಧ ತಲೆಕೆಳಗಾಗಿದೆ. ರೋಬಸ್ಟಾ ತಂದೆ, ಅರೇಬಿಕಾ ಮಗ!

ಗಿಡದ ಪ್ರತಿ ಜೀವಕೋಶದಲ್ಲಿ ಗುಣಗಳನ್ನು ಹೊತ್ತಿರುವ ವರ್ಣತಂತುಗಳು ಇರುತ್ತವೆ. ರೋಬಸ್ಟಾದಲ್ಲಿ ಇವು 22. ಕುಲದ ಮಿಕ್ಕ ಪ್ರಭೇದಗಳಲ್ಲೂ 22. ಅರೇಬಿಕಾದಲ್ಲಿ ಮಾತ್ರ 44. ಹಲವು ಲಕ್ಷ ವರ್ಷಗಳ ಹಿಂದೆ ಆಫ್ರಿಕದ ಕಾಡಿನಲ್ಲಿ ಕೆನೆಫೋರಾದ ಪರಾಗವು 'ಯೂಜಿನಿಯಾಯ್ಡಿಸ್' ಎಂಬ ಇನ್ನೊಂದು ಕಾಡು ಕಾಫಿಯ ಹೂವಿಗೆ ಬಿದ್ದು, ಎರಡರ ವರ್ಣತಂತುಗಳೂ ಪೂರ್ತಿಯಾಗಿ ಒಂದೇ ಗಿಡದಲ್ಲಿ ಸೇರಿಕೊಂಡವು. ಹಾಗೆ ಹುಟ್ಟಿದ ಸಂಕರ ತಳಿಯೇ ಅರೇಬಿಕಾ. ವಿಜ್ಞಾನಿಗಳು ವರ್ಣತಂತುಗಳ ಒಳರಚನೆಯನ್ನು ಓದಿ ಈ ವಂಶವೃಕ್ಷವನ್ನು ಖಚಿತಪಡಿಸಿದ್ದಾರೆ.

ಇದು ಬರಿಯ ಕುತೂಹಲದ ಸಂಗತಿಯಲ್ಲ. ಕೆನೆಫೋರಾ ಲಕ್ಷಾಂತರ ಚದರ ಮೈಲಿ ಕಾಡಿನಲ್ಲಿ ನಾನಾ ರೂಪಗಳಾಗಿ ಹಬ್ಬಿದ ಹಳೆಯ ಸಂತತಿ. ಅರೇಬಿಕಾ ಬೆರಳೆಣಿಕೆಯ ಗಿಡಗಳಿಂದ ಹೊರಟ ಕಿರಿಯ ಸಂತತಿ. ಆದ್ದರಿಂದ ಮೊದಲಿನಿಂದಲೂ ಅದರ ಗುಣವೈವಿಧ್ಯದ ಬಂಡವಾಳ ಕಡಿಮೆ. ದೊಡ್ಡ ಕುಟುಂಬದಲ್ಲಿ ಒಬ್ಬನಿಗೆ ಬಾರದ ಜ್ವರ ಇನ್ನೊಬ್ಬನಿಗೆ ಬರುತ್ತದೆ. ಎಲ್ಲರೂ ಒಂದೇ ಅಚ್ಚಿನವರಾದರೆ ಬಂದ ಜ್ವರ ಎಲ್ಲರನ್ನೂ ಮಲಗಿಸುತ್ತದೆ. ಅರೇಬಿಕಾದ ಕಥೆ ಎರಡನೆಯದು.

ಹೂವಿನಲ್ಲಿರುವ ವ್ಯತ್ಯಾಸ

ಎಲೆ ನೋಡಿ ಎರಡನ್ನೂ ಗುರುತಿಸದ ಬೆಳೆಗಾರ ಇಲ್ಲ. ಅರೇಬಿಕಾದ ಎಲೆ ಸಣ್ಣದು, ಹೊಳಪಿನ ಕಡು ಹಸಿರು. ರೋಬಸ್ಟಾದ್ದು ಅಗಲ, ಮೈಯೆಲ್ಲ ಏರಿಳಿತ. ಅರೇಬಿಕಾ ಹಣ್ಣು ಎಂಟು ಒಂಬತ್ತು ತಿಂಗಳಿಗೆ ಮಾಗಿ, ಕೊಯ್ಯದಿದ್ದರೆ ಉದುರುತ್ತದೆ. ರೋಬಸ್ಟಾ ಹತ್ತು ಹನ್ನೊಂದು ತಿಂಗಳು ತೆಗೆದುಕೊಂಡು, ಮಾಗಿದ ಮೇಲೂ ಗೊಂಚಲಿನಲ್ಲೇ ಕಚ್ಚಿಕೊಂಡಿರುತ್ತದೆ. ಬೀಜದ ಕೆಫೀನ್ ಅಂಶ ಅರೇಬಿಕಾದಲ್ಲಿ ಶೇಕಡ 1.2ರ ಆಸುಪಾಸು, ರೋಬಸ್ಟಾದಲ್ಲಿ ಅದರ ಎರಡರಷ್ಟರ ಹತ್ತಿರ.

ಕಣ್ಣಿಗೆ ಕಾಣದ ಮುಖ್ಯ ವ್ಯತ್ಯಾಸ ಹೂವಿನಲ್ಲಿದೆ. ಹೂಮಳೆ ಬಿದ್ದು ಎಂಟು ಹತ್ತು ದಿನಕ್ಕೆ ಎರಡೂ ಒಂದೇ ರೀತಿ ಬೆಳ್ಳಗೆ ಅರಳಿ ತೋಟವೆಲ್ಲ ಘಮಘಮಿಸುತ್ತದೆ. ಆದರೆ ಅರೇಬಿಕಾದ ಹೂವು ತನ್ನದೇ ಪರಾಗದಿಂದ ಕಾಯಿ ಕಟ್ಟಬಲ್ಲದು. ರೋಬಸ್ಟಾ ಹಾಗಲ್ಲ; ತನ್ನ ಪರಾಗವನ್ನು ತಾನೇ ಒಲ್ಲದು. ಬೇರೆ ಗಿಡದ ಪರಾಗ ಗಾಳಿಯಲ್ಲೋ ಜೇನಿನ ಕಾಲಿನಲ್ಲೋ ಬಂದು ಸೇರಿದರೆ ಮಾತ್ರ ಕಾಯಿ.

ಇದರಿಂದ ಎರಡು ಪರಿಣಾಮಗಳು. ಮೊದಲನೆಯದು, ಅರೇಬಿಕಾ ಬೀಜದಿಂದ ಎದ್ದ ಸಸಿ ಬಹುಮಟ್ಟಿಗೆ ತಾಯಿಯಂತೆಯೇ ಇರುತ್ತದೆ. ರೋಬಸ್ಟಾದ ಒಂದೇ ತಾಯಿಗಿಡದ ನೂರು ಸಸಿಗಳು ನೂರು ಬಗೆಯಾಗುತ್ತವೆ. ಒಂದೇ ತೋಟದಲ್ಲಿ ಒಂದು ರೋಬಸ್ಟಾ ಮುರಿಯುವಷ್ಟು ಕಾಯಿ ಹೊತ್ತು ಪಕ್ಕದ್ದು ಬರಿದಾಗಿರುವುದಕ್ಕೆ ಗೊಬ್ಬರವೊಂದೇ ಕಾರಣವಲ್ಲ. ಎರಡನೆಯದು, ರೋಬಸ್ಟಾ ಪ್ರತಿ ತಲೆಮಾರಿನಲ್ಲೂ ಗುಣಗಳನ್ನು ಕಲಸಿ ಹಂಚುವುದರಿಂದ ವೈವಿಧ್ಯ ತಾನಾಗಿ ಉಳಿಯುತ್ತದೆ. ಅರೇಬಿಕಾ ತನ್ನಲ್ಲಿದ್ದುದನ್ನೇ ಮತ್ತೆ ಮತ್ತೆ ಎರಕ ಹೊಯ್ಯುತ್ತದೆ. ಹೊಸದು ಬೇಕೆಂದರೆ ಹೊರಗಿನಿಂದಲೇ ತರಬೇಕು.

ತವರು ಕಾಡುಗಳು

ಅರೇಬಿಕಾ ಕಾಡುಗಿಡವಾಗಿ ಬೆಳೆಯುವ ಜಾಗ ಜಗತ್ತಿನಲ್ಲಿ ಬಹಳ ಸಣ್ಣದು. ಇಥಿಯೋಪಿಯದ ನೈರುತ್ಯದ ಬೆಟ್ಟಗಳು, ಅಂದರೆ ಕಾಫಾ, ಶೇಕಾ, ಯಾಯು ಮುಂತಾದ ಸೀಮೆಗಳು. ಮಹಾ ಕಣಿವೆಯ ಪೂರ್ವಕ್ಕೆ ಬಾಲೆ ಬೆಟ್ಟದ ಹರೆನ್ನಾ ಕಾಡು. ದಕ್ಷಿಣ ಸೂಡಾನಿನ ಬೋಮಾ ಪ್ರಸ್ಥಭೂಮಿ. ಕೀನ್ಯಾದ ಉತ್ತರದ ಮಾರ್ಸಾಬಿಟ್ ಬೆಟ್ಟ. ಇಷ್ಟೇ. ಸಮುದ್ರಮಟ್ಟದಿಂದ ಸರಿಸುಮಾರು 1,000ದಿಂದ 2,000 ಮೀಟರ್, ಅಂದರೆ 3,300ರಿಂದ 6,500 ಅಡಿ ಎತ್ತರದಲ್ಲಿ, ದೊಡ್ಡ ಮರಗಳ ನೆರಳಿನ ಕೆಳಗೆ ತೆಳ್ಳಗೆ ಚಾಚಿಕೊಂಡು ನಿಂತಿರುತ್ತದೆ. ವರ್ಷದ ಸರಾಸರಿ ಉಷ್ಣತೆ 18ರಿಂದ 22 ಡಿಗ್ರಿ ಇದ್ದರೆ ಅದಕ್ಕೆ ಹಿತ. ಮಳೆ ಚೆನ್ನಾಗಿ ಬೇಕು. ಆದರೆ ಮೊಗ್ಗು ಕೂಡಲು ನಡುವೆ ಕೆಲವು ತಿಂಗಳ ಬಿಸಿಲುಗಾಲವೂ ಬೇಕು.

ಬಾಬಾಬುಡನ್‌ಗಿರಿಯ ತಪ್ಪಲನ್ನು ಬಲ್ಲವರಿಗೆ ಈ ವರ್ಣನೆ ಪರಿಚಿತವೆನಿಸಬೇಕು. ಎತ್ತರ, ತಂಪು, ನೆರಳು, ಮಳೆಗಾಲ, ಬಳಿಕ ಒಣಹವೆ. ಅರೇಬಿಕಾ ನಮ್ಮಲ್ಲಿ ನೆಲೆನಿಂತದ್ದು ಆಕಸ್ಮಿಕವಲ್ಲ; ತವರಿನಂತಹ ಮನೆಯೇ ಅದಕ್ಕೆ ಸಿಕ್ಕಿತು.

ಕೆನೆಫೋರಾದ ತವರು ವಿಶಾಲ. ಪಶ್ಚಿಮದಲ್ಲಿ ಗಿನಿಯಿಂದ ಹಿಡಿದು ಐವರಿ ಕೋಸ್ಟ್, ಕ್ಯಾಮರೂನ್, ಕಾಂಗೋ ಕೊಳ್ಳವನ್ನು ದಾಟಿ ಪೂರ್ವದಲ್ಲಿ ಯುಗಾಂಡದವರೆಗೆ ಹಬ್ಬಿದೆ. ಹೆಚ್ಚಾಗಿ ತಗ್ಗಿನ ಮಳೆಕಾಡುಗಳ ಗಿಡ; ಶೆಖೆ, ತೇವ ಎರಡನ್ನೂ ತಡೆಯುತ್ತದೆ. ಎಲೆ ತುಕ್ಕು, ಕೀಟಗಳು ತುಂಬಿದ ಅಂತಹ ಕಾಡಿನಲ್ಲಿ ತಲೆತಲಾಂತರದಿಂದ ಬದುಕಿದ್ದರಿಂದ ಅವುಗಳನ್ನು ಎದುರಿಸುವ ಕಸುವು ಅದರ ಮೈಗೆ ಬಂದಿದೆ. ನಮ್ಮ ಬಿಳಿ ಕಾಂಡಕೊರಕ, ಅಂದರೆ ಬೋರರ್, ಅರೇಬಿಕಾವನ್ನು ಕಾಡುವಂತೆ ರೋಬಸ್ಟಾವನ್ನು ಕಾಡುವುದಿಲ್ಲ. ಹಾಗೆಂದು ರೋಬಸ್ಟಾ ಎಲ್ಲವನ್ನೂ ತಡೆಯುತ್ತದೆ ಎಂದಲ್ಲ. ಅದರ ಬೇರು ಮೇಲುಮೇಲಕ್ಕೆ ಹರಡುವುದರಿಂದ ಬೇಸಿಗೆಯ ಬರಕ್ಕೆ ಬೇಗ ಬಾಡುತ್ತದೆ. ಹೂಮಳೆ ತಪ್ಪಿದರೆ ನೀರು ಹಾಯಿಸಲೇಬೇಕು.

ತೋಟದಲ್ಲಿ ಎಷ್ಟಿದ್ದರೇನು?

ಈಗ ಮೊದಲಿನ ಪ್ರಶ್ನೆಗೆ ಬರೋಣ. ಕೆಂಪು ಪಟ್ಟಿ ಲೆಕ್ಕ ಹಾಕುವುದು ತೋಟದ ಗಿಡಗಳನ್ನಲ್ಲ. ಕಾಡಿನಲ್ಲಿ ತಾನಾಗಿ ಹುಟ್ಟಿ, ತಾನಾಗಿ ಬೀಜ ಬೀರಿ, ತಾನಾಗಿ ಬಾಳುವ ಗಿಡಗಳನ್ನು. ಆ ಲೆಕ್ಕದಲ್ಲಿ ಅರೇಬಿಕಾ ಬಡವ.

ಇಂಗ್ಲೆಂಡಿನ ಕ್ಯೂ ಸಸ್ಯೋದ್ಯಾನದ ವಿಜ್ಞಾನಿಗಳು ಸಹೋದ್ಯೋಗಿಗಳೊಂದಿಗೆ ಕೂಡಿ ಜಗತ್ತಿನ 124 ಕಾಫಿ ಪ್ರಭೇದಗಳನ್ನು ಪರಿಶೀಲಿಸಿ 2019ರಲ್ಲಿ ವರದಿ ಪ್ರಕಟಿಸಿದರು. ಅವುಗಳಲ್ಲಿ 75, ಅಂದರೆ ಶೇಕಡ 60, ಅಳಿವಿನ ಭೀತಿಯಲ್ಲಿವೆ ಎಂಬುದು ಅವರ ತೀರ್ಮಾನ. ಅರೇಬಿಕಾದ ವಿಷಯದಲ್ಲಿ ಹವೆ ಬಿಸಿಯಾಗುತ್ತಿರುವುದನ್ನು ಲೆಕ್ಕಕ್ಕೆ ತೆಗೆದುಕೊಂಡರೆ 2088ರ ಹೊತ್ತಿಗೆ ಕಾಡಿನ ಗಿಡಗಳು ಅರ್ಧಕ್ಕರ್ಧ ಅಥವಾ ಅದಕ್ಕಿಂತ ಹೆಚ್ಚು ಕಡಿಮೆಯಾಗಬಹುದೆಂದು ಅಂದಾಜು ಮಾಡಿದರು. ಬೋಮಾ ಪ್ರಸ್ಥಭೂಮಿಗೆ 2012ರಲ್ಲಿ ಹೋದ ತಜ್ಞರ ತಂಡವು ಅಲ್ಲಿನ ಕಾಡು ಅರೇಬಿಕಾ ಆಗಲೇ ಕ್ಷೀಣಿಸಿರುವುದನ್ನು ಕಂಡಿತು.

ಕಾರಣಗಳು ಮೂರು. ಒಂದು, ಕಾಡು ಕಡಿದು ಹೊಲ, ಮನೆ, ಬೇರೆ ಬೆಳೆ ಮಾಡುವುದು. ಎರಡು, ಹವೆ. ತಂಪು ಬಯಸುವ ಗಿಡ ಶಾಖ ಹೆಚ್ಚಿದಂತೆ ಬೆಟ್ಟದ ಮೇಲಕ್ಕೆ ಸರಿಯಬೇಕು. ಆದರೆ ಬೆಟ್ಟಕ್ಕೆ ಒಂದು ತುದಿ ಇರುತ್ತದೆ. ಮೂರನೆಯದು ಸೂಕ್ಷ್ಮವಾದದ್ದು. ಕಾಡಿನ ಕಾಫಿಯನ್ನೇ ಇನ್ನಷ್ಟು ಫಲಕ್ಕೆ ತರಲೆಂದು ಕೆಳಗಿನ ಪೊದೆ ಸವರಿ, ನೆರಳು ತೆಳುಗೊಳಿಸಿ, ಹೊರಗಿನ ತಳಿಯ ಸಸಿಗಳನ್ನು ನಡುವೆ ನೆಟ್ಟರೆ ಕಾಡು ಹೆಸರಿಗೆ ಕಾಡಾಗಿಯೇ ಉಳಿದರೂ ಮೂಲ ಸಂತತಿ ಮೆಲ್ಲಗೆ ಕರಗುತ್ತದೆ. ಅಲ್ಲಿನ ರೈತರದು ತಪ್ಪೆಂದು ದೂರುವಂತಿಲ್ಲ. ಅವರೂ ನಮ್ಮಂತೆ ಒಂದೆರಡು ಎಕರೆಯ ಹಿಡುವಳಿದಾರರು, ಮನೆ ನಡೆಯಬೇಕು. ಇಥಿಯೋಪಿಯದ ಕಾಫಾ ಮತ್ತು ಯಾಯು ಕಾಡುಗಳು 2010ರಲ್ಲಿ ಯುನೆಸ್ಕೋದ ಜೀವಗೋಳ ಮೀಸಲು ಪ್ರದೇಶಗಳಾಗಿ ಮಾನ್ಯತೆ ಪಡೆದವು. ತಿರುಳಿನ ಕಾಡನ್ನು ಮುಟ್ಟದೆ, ಸುತ್ತಲಿನ ಅಂಚಿನಲ್ಲಿ ಜನ ಕಾಫಿ ಕೊಯ್ದು ಬದುಕಬಹುದೆಂಬುದು ಆ ಏರ್ಪಾಟಿನ ಸಾರ.

ಕೆನೆಫೋರಾಕ್ಕೂ ಕಾಡುನಾಶದ ಪೆಟ್ಟು ಇಲ್ಲದಿಲ್ಲ. ಆದರೆ ಅದರ ಹರವು ದೊಡ್ಡದು. ಒಂದೆಡೆ ಹೋದರೂ ಇನ್ನೊಂದೆಡೆ ಉಳಿದಿದೆ. ಆ ಕಾರಣಕ್ಕೇ ಪಟ್ಟಿಯಲ್ಲಿ ಅದಕ್ಕೆ ಆತಂಕದ ಗುರುತು ಬಿದ್ದಿಲ್ಲ.

ಇದಕ್ಕೆ ವಿಚಿತ್ರವಾದ ಇನ್ನೊಂದು ಮುಖವೂ ಇದೆ. ತಮಿಳುನಾಡಿನ ಆನೆಮಲೆಯ ಕಾಡುತುಣುಕುಗಳಲ್ಲಿ ತೋಟದಿಂದ ಹಾರಿದ ಅರೇಬಿಕಾ, ರೋಬಸ್ಟಾ ಎರಡೂ ತಾವಾಗಿ ಹುಟ್ಟಿ ಸ್ಥಳೀಯ ಸಸಿಗಳ ಜಾಗ ಹಿಡಿಯುತ್ತಿರುವುದನ್ನು 2009ರ ಅಧ್ಯಯನವೊಂದು ತೋರಿಸಿತು. ತವರಿನಲ್ಲಿ ನಶಿಸುವ ಗಿಡ ಪರಸ್ಥಳದಲ್ಲಿ ಕಳೆಯಾಗಬಲ್ಲದು. ಆ ಕಳೆಯಿಂದ ತವರಿನ ನಷ್ಟ ತುಂಬುವುದಿಲ್ಲ. ಏಕೆಂದರೆ ಕಾಡಿಗೆ ಹಾರಿದ್ದು ನಮ್ಮ ತೋಟದ ಅದೇ ಹಳೆಯ ಅಚ್ಚು.

ಏಳು ಬೀಜದ ಸಂತತಿ

ಬಾಬಾ ಬುಡನ್ ಅವರು ಯೆಮೆನ್‌ನಿಂದ ಏಳು ಬೀಜ ತಂದು ಚಂದ್ರದ್ರೋಣ ಪರ್ವತದಲ್ಲಿ ಬಿತ್ತಿದರೆಂಬ ಐತಿಹ್ಯ ನಮ್ಮಲ್ಲಿ ಮಕ್ಕಳಿಗೂ ಗೊತ್ತು. ಎಣಿಕೆ ಏಳೋ ಎಪ್ಪತ್ತೋ, ಸಸ್ಯಶಾಸ್ತ್ರದ ದೃಷ್ಟಿಯಿಂದ ಅರ್ಥ ಒಂದೇ: ಇಥಿಯೋಪಿಯದ ಕಾಡಿನ ಐಸಿರಿಯಲ್ಲಿ ಒಂದು ಹಿಡಿ ಯೆಮೆನ್‌ಗೆ ಹೋಯಿತು, ಆ ಹಿಡಿಯಲ್ಲಿ ಒಂದು ಚಿಟಿಕೆ ನಮಗೆ ಬಂತು. 1690ರ ದಶಕದಲ್ಲಿ ಡಚ್ಚರು ಮಲಬಾರಿನಿಂದ ಬೀಜ ಒಯ್ದು ಜಾವಾದಲ್ಲಿ ಹಾಕಿದರು. ಅಲ್ಲಿಂದ ಆಮ್‌ಸ್ಟರ್‌ಡಾಮ್‌ಗೆ, ಅಲ್ಲಿಂದ ಅಮೆರಿಕ ಖಂಡಕ್ಕೆ. ಜಗತ್ತಿನ ಬಹುಪಾಲು ಅರೇಬಿಕಾ ತೋಟಗಳು ಹೀಗೆ ಬೆರಳೆಣಿಕೆಯ ಗಿಡಗಳ ಮಕ್ಕಳು ಮೊಮ್ಮಕ್ಕಳು.

ಇದರ ಫಲ 1869ರಲ್ಲಿ ಗೊತ್ತಾಯಿತು. ಆ ವರ್ಷ ಸಿಂಹಳದಲ್ಲಿ ಎಲೆ ತುಕ್ಕು ರೋಗ ಕಾಣಿಸಿತು. ಬೆಟ್ಟಬೆಟ್ಟವೇ ಒಂದೇ ಬಗೆಯ ಗಿಡ; ಒಂದಕ್ಕೆ ತಗುಲಿದ್ದು ಎಲ್ಲಕ್ಕೂ ತಗುಲಿತು. ಎರಡು ಮೂರು ದಶಕಗಳಲ್ಲಿ ಸಿಂಹಳದ ಕಾಫಿ ಉದ್ಯಮವೇ ಮುಳುಗಿ, ಆ ನೆಲವೆಲ್ಲ ಟೀ ತೋಟವಾಯಿತು. ನಮ್ಮ ಮಲೆನಾಡು, ಕೊಡಗಿಗೂ ರೋಗ ಬೇಗನೆ ದಾಟಿತು. ಇಲ್ಲಿ ನೆರಳಿತ್ತು, ಬೋರ್ಡೋ ದ್ರಾವಣ ಬಂತು. ಇದ್ದುದರಲ್ಲಿ ತಡೆಯುವ ಗಿಡಗಳನ್ನು ಹುಡುಕುವ ಕಣ್ಣಿತ್ತು. ಮೈಸೂರು ಸೀಮೆಯ ಕೆಂಟ್ ಎಂಬ ಪ್ಲಾಂಟರು 1911ರ ಸುಮಾರಿಗೆ ತಮ್ಮ ತೋಟದಲ್ಲಿ ಆಯ್ದ ಒಂದು ಗಿಡದಿಂದ 'ಕೆಂಟ್ಸ್' ತಳಿ ಬಂತು. ಕೆಲವು ಕಾಲ ಅದು ತಡೆಯಿತು. ಆಮೇಲೆ ತುಕ್ಕು ರೋಗವೇ ರೂಪ ಬದಲಿಸಿಕೊಂಡಿತು.

ಬಾಳೆಹೊನ್ನೂರಿನಲ್ಲಿ 1925ರಲ್ಲಿ ಡಾ. ಕೋಲ್ಮನ್ ಅವರ ಮುಂದಾಳುತನದಲ್ಲಿ ಕಾಫಿ ಸಂಶೋಧನೆ ನೆಲೆಗೊಂಡ ಮೇಲೆ ನಡೆದುದೆಲ್ಲ ಈ ಚಿಟಿಕೆಯ ಹೊರಗಿನಿಂದ ಗುಣ ತರುವ ಪ್ರಯತ್ನ. ನಮ್ಮ ಅಚ್ಚುಮೆಚ್ಚಿನ ಎಸ್.795 ತಳಿಯಲ್ಲಿ ಲೈಬೀರಿಕಾ ಎಂಬ ಮೂರನೆಯ ಪ್ರಭೇದದ ರಕ್ತ ಇದೆ. ಅರೇಬಿಕಾ ಮತ್ತು ರೋಬಸ್ಟಾ ತಾವಾಗಿ ಕೂಡಿದ ಗಿಡ ಕೊಡಗಿನ ದೇವಮಚ್ಚಿಯಲ್ಲಿ ಸಿಕ್ಕಿತು; ಅದನ್ನು ಸೆಲೆಕ್ಷನ್ 5ರಲ್ಲಿ ಬಳಸಿದರು. ಅಂತಹುದೇ ಇನ್ನೊಂದು ಸಂಕರ ತಳಿ ತಿಮೋರ್ ದ್ವೀಪದಲ್ಲಿ ಸಿಕ್ಕಿದ್ದು 'ಕಾವೇರಿ'ಯ ಹಿಂದೆ ಇದೆ. ಮಗನ ಕಾಯಿಲೆಗೆ ತಂದೆಯ ರಕ್ತ ಕೊಟ್ಟಂತೆ ಇದು.

ಸೆಲೆಕ್ಷನ್ 4 ಎಂದು ಕರೆಯುವ ಗುಂಪನ್ನು ನೋಡಿ: ಅಗಾರೊ, ಚೋಚೆ, ತಫರಿಕೇಲ. ಇವು ಮೂರೂ ಇಥಿಯೋಪಿಯದ ಊರುಗಳ ಹೆಸರು. ತಫರಿಕೇಲವನ್ನು ತಿಮೋರ್ ಸಂಕರದೊಡನೆ ಕೂಡಿಸಿ ಸೆಲೆಕ್ಷನ್ 9 ಮಾಡಿದರು. ಸೆಲೆಕ್ಷನ್ 5ರ ಒಂದು ಕವಲಿನಲ್ಲಿರುವ 'ರೂಮೆ ಸೂಡಾನ್' ಬಂದದ್ದು ಬೋಮಾ ಪ್ರಸ್ಥಭೂಮಿಯಿಂದ. 2012ರಲ್ಲಿ ತಜ್ಞರು ಯಾವ ಕಾಡು ಕ್ಷೀಣಿಸಿರುವುದನ್ನು ಕಂಡರೋ ಅದೇ ಕಾಡಿನ ಸಂತತಿ ನಮ್ಮ ಮಲೆನಾಡಿನ ತೋಟದಲ್ಲಿ ಫಲ ಕೊಡುತ್ತಿದೆ.

ಕಾಡಿನ ಗಿಡ ಬೆಳೆಗಾರನ ಕೈ ಹಿಡಿದದ್ದಕ್ಕೆ ಇಥಿಯೋಪಿಯದ್ದೇ ಒಳ್ಳೆಯ ಉದಾಹರಣೆ ಇದೆ. ಅಲ್ಲಿಗೆ 1971ರಲ್ಲಿ ಕಾಯಿಯನ್ನೇ ಕಪ್ಪಾಗಿಸಿ ಕೊಳೆಸುವ ಹೊಸ ರೋಗ ಕಾಲಿಟ್ಟಿತು. ಆಫ್ರಿಕದಲ್ಲಿ ಮಾತ್ರ ಇರುವ ಈ ರೋಗ ನಮ್ಮ ದೇಶಕ್ಕೆ ಬಂದಿಲ್ಲ. ಜಿಮ್ಮಾ ಸಂಶೋಧನಾ ಕೇಂದ್ರದವರು ಔಷಧಿಯನ್ನಷ್ಟೇ ನಂಬದೆ, ಕಾಡು ಮತ್ತು ಹಿತ್ತಿಲುಗಳಲ್ಲಿ ರೋಗದ ನಡುವೆಯೂ ಹಸಿರಾಗಿ ನಿಂತ ಗಿಡಗಳನ್ನು ಹುಡುಕಿದರು. ಅದೇ ದಶಕ ಮುಗಿಯುವುದರೊಳಗೆ ರೋಗ ತಡೆಯುವ ತಳಿಗಳು ರೈತರ ಕೈಸೇರಿದವು. ವೈವಿಧ್ಯ ಅಲ್ಲಿ ಇತ್ತು, ಹಾಗಾಗಿ ಸಿಕ್ಕಿತು. ಇಲ್ಲದಿದ್ದರೆ ಹುಡುಕುವುದೆಲ್ಲಿ?

ಡಬ್ಬಿಯಲ್ಲಿ ಇಡಲಾಗದ ಬೀಜ

ಕಾಡು ಹೋದರೂ ಬೀಜವನ್ನು ಎತ್ತಿಟ್ಟರಾಯಿತಲ್ಲ ಎನ್ನಬಹುದು. ಭತ್ತ, ರಾಗಿ, ಗೋಧಿಗಳಿಗೆ ಅದು ಸರಿ. ಒಣಗಿಸಿ ಶೀತಕೋಣೆಯಲ್ಲಿಟ್ಟರೆ ದಶಕಗಟ್ಟಲೆ ಮೊಳಕೆಶಕ್ತಿ ಉಳಿಯುತ್ತದೆ. ಕಾಫಿಯ ಬೀಜ ಆ ಜಾತಿಯದಲ್ಲ. ತೀರ ಒಣಗಿಸಿ ತೀರ ತಣ್ಣಗೆ ಇಟ್ಟರೆ ಜೀವ ಕಳೆದುಕೊಳ್ಳುತ್ತದೆ. ಸಾಧಾರಣವಾಗಿ ಇಟ್ಟ ಅರೇಬಿಕಾ ಬೀಜ ಕೆಲವೇ ತಿಂಗಳಲ್ಲಿ ಮೊಳಕೆಶಕ್ತಿ ಕಳೆದುಕೊಳ್ಳುವುದು, ರೋಬಸ್ಟಾದ್ದು ಅದಕ್ಕೂ ಬೇಗ ಕೆಡುವುದು ನರ್ಸರಿ ಮಾಡಿದವರಿಗೆಲ್ಲ ಗೊತ್ತು. ಆದ್ದರಿಂದಲೇ ಕಾಫಿಯ ಭಂಡಾರವೆಂದರೆ ಜೀವಂತ ತೋಟ. ಸಾಲಾಗಿ ನೆಟ್ಟು, ಗೊಬ್ಬರ ಹಾಕಿ, ಕಪಾತು ಮಾಡಿ ವರ್ಷವರ್ಷವೂ ಸಾಕಬೇಕು. ಇಥಿಯೋಪಿಯ, ಮಡಗಾಸ್ಕರ್, ಕೋಸ್ಟರಿಕಾ ಮುಂತಾದೆಡೆ ಅಂತಹ ಭಂಡಾರಗಳಿವೆ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯು 1964ರಲ್ಲಿ ಇಥಿಯೋಪಿಯದಿಂದ ಸಂಗ್ರಹಿಸಿದ ಸಸ್ಯಸಂಪತ್ತಿನಲ್ಲಿ ನಮ್ಮ ದೇಶಕ್ಕೂ ಪಾಲು ಬಂತು. ಆದರೂ 2019ರ ವರದಿಯ ಪ್ರಕಾರ ಕಾಫಿ ಪ್ರಭೇದಗಳಲ್ಲಿ ಶೇಕಡ 45 ಯಾವ ಭಂಡಾರದಲ್ಲೂ ಇಲ್ಲ. ಶೇಕಡ 28 ಯಾವ ರಕ್ಷಿತ ಅರಣ್ಯದಲ್ಲೂ ಇರುವುದು ಗೊತ್ತಿಲ್ಲ.

ಒಂದು ನೋಟದಲ್ಲಿ

ಶಾಸ್ತ್ರೀಯ ಹೆಸರು: ಅರೇಬಿಕಾ — ಕಾಫಿಯಾ ಅರೇಬಿಕಾ (1753), ರೋಬಸ್ಟಾ — ಕಾಫಿಯಾ ಕೆನೆಫೋರಾ (1897).
ಕುಟುಂಬ: ಎರಡಕ್ಕೂ ರೂಬಿಯೇಸಿ.
ವರ್ಣತಂತು: ಅರೇಬಿಕಾ — 44, ರೋಬಸ್ಟಾ — 22.
ಪರಾಗಸ್ಪರ್ಶ: ಅರೇಬಿಕಾ — ಹೆಚ್ಚಾಗಿ ಸ್ವಕೀಯ, ರೋಬಸ್ಟಾ — ಪರಕೀಯ ಮಾತ್ರ.
ತವರು: ಅರೇಬಿಕಾ — ಇಥಿಯೋಪಿಯ ಮತ್ತು ನೆರೆಯ ಬೆಟ್ಟದ ಕಾಡುಗಳು, ರೋಬಸ್ಟಾ — ಗಿನಿಯಿಂದ ಯುಗಾಂಡದವರೆಗಿನ ಮಳೆಕಾಡುಗಳು.
ನಮ್ಮಲ್ಲಿ ಒಗ್ಗುವ ಎತ್ತರ: ಅರೇಬಿಕಾ — ಸುಮಾರು 1,000ದಿಂದ 1,500 ಮೀಟರ್, ರೋಬಸ್ಟಾ — ಸುಮಾರು 500ರಿಂದ 1,000 ಮೀಟರ್.
ಕಾಡಿನಲ್ಲಿ ಸ್ಥಿತಿ: ಅರೇಬಿಕಾ — ಅಳಿವಿನ ಅಪಾಯದಲ್ಲಿದೆ, ರೋಬಸ್ಟಾ — ಸದ್ಯಕ್ಕೆ ಆತಂಕವಿಲ್ಲ.

ಬೆಳೆಗಾರರು ಗಮನಿಸಬೇಕಾದದ್ದು

ಇಥಿಯೋಪಿಯದ ಕಾಡನ್ನು ನಾವು ಇಲ್ಲಿಂದ ಕಾಯಲಾರೆವು. ಆದರೆ ಮೇಲೆ ಹೇಳಿದ ಸಂಗತಿಗಳಿಂದ ನಮ್ಮ ತೋಟಕ್ಕೆ ಕೆಲವು ಪಾಠಗಳು ಹೊರಡುತ್ತವೆ.

1. ಭಾರತದ ಕಾಫಿ ಉತ್ಪಾದನೆಯಲ್ಲಿ ಈಗ ಮೂರರಲ್ಲಿ ಎರಡು ಪಾಲಿಗೂ ಹೆಚ್ಚು ರೋಬಸ್ಟಾ. ಬೋರರ್ ಕಾಟ, ಕೂಲಿಯ ಅಭಾವ, ಏರಿದ ಶಾಖಗಳಿಂದ ಬೇಸತ್ತು ಅರೇಬಿಕಾ ಕಿತ್ತು ರೋಬಸ್ಟಾ ಹಾಕುವವರು ಹೆಚ್ಚುತ್ತಿದ್ದಾರೆ. ತಗ್ಗಿನ, ಶೆಖೆಯ ಜಾಗದಲ್ಲಿ ಇದು ವಿವೇಕವೇ. ಆದರೆ 1,000 ಮೀಟರಿಗೆ ಮೇಲಿನ ತಂಪು ಜಾಗದಲ್ಲಿ ಒಂದು ವರ್ಷದ ದರ ನೋಡಿ ಅವಸರ ಮಾಡತಕ್ಕದ್ದಲ್ಲ. ಅಲ್ಲಿ ಅರೇಬಿಕಾ ಇರಬೇಕಾದ ಮನೆಯಲ್ಲಿದೆ.

2. ಹಳೆಯ ತೋಟಗಳ ಮೂಲೆಯಲ್ಲಿ ಕೆಂಟ್ಸ್, ಚಿಕ್ಸ್, ಕೂರ್ಗ್ ಮುಂತಾದ ಹಳೆಯ ಬಗೆಯ ಗಿಡಗಳು ಅಲ್ಲೊಂದು ಇಲ್ಲೊಂದು ಇನ್ನೂ ನಿಂತಿರಬಹುದು. ಸುತ್ತಲಿನವು ತುಕ್ಕಿನಿಂದ ಎಲೆ ಉದುರಿಸಿದಾಗಲೂ ಹಸಿರಾಗಿರುವ ಗಿಡ ಕಂಡರೆ ಗುರುತು ಹಾಕಿ ಉಳಿಸಿರಿ. ಸಂಶೋಧನಾ ಕೇಂದ್ರಕ್ಕೆ ತಿಳಿಸಿರಿ. ಕೆಂಟ್ಸ್ ತಳಿ ಸಿಕ್ಕಿದ್ದು ಹೀಗೆಯೇ. ಒಂದು ಗಿಡದ ಜಾಗ ದೊಡ್ಡದಲ್ಲ.

3. ಇಡೀ ತೋಟಕ್ಕೆ ಒಂದೇ ತಳಿ ಹಾಕುವುದು ಸುಲಭ. ಸಿಂಹಳದವರೂ ಹಾಗೆಯೇ ಮಾಡಿದ್ದರು. ಮರುನಾಟಿ ಮಾಡುವವರು ಎರಡು ಮೂರು ತಳಿಗಳನ್ನು ಬೇರೆ ಬೇರೆ ತುಂಡುಗಳಲ್ಲಿ ಹಾಕುವುದು ಲೇಸು.

4. ರೋಬಸ್ಟಾವನ್ನು ಕಸಿ ಅಥವಾ ಕಡ್ಡಿಯಿಂದ ಮಾಡುವವರು ಒಂದೇ ತಾಯಿಗಿಡದ ಸಸಿಗಳನ್ನು ತೋಟ ತುಂಬ ನೆಡಬಾರದು. ಅವೆಲ್ಲವೂ ಒಂದೇ ಗಿಡವಿದ್ದಂತೆ. ಹೂವು ಬೆಟ್ಟದಷ್ಟು ಬಿಟ್ಟರೂ ಕಾಯಿ ಕಟ್ಟುವುದಿಲ್ಲ. ಹಲವು ತಾಯಿಗಿಡಗಳ ಸಸಿಗಳನ್ನು ಬೆರೆಸಿ ನೆಡತಕ್ಕದ್ದು.

5. ಹೂವಿನ ದಿನಗಳಲ್ಲಿ ಕೀಟನಾಶಕ ಸಿಂಪಡಿಸಬೇಡಿ. ರೋಬಸ್ಟಾಕ್ಕೆ ಜೇನು ಬೇಕೇ ಬೇಕು. ತೋಟದ ಹೆಮ್ಮರದಲ್ಲಿ ಹೆಜ್ಜೇನು ಕಟ್ಟಿದ್ದರೆ ಅದನ್ನು ಬಿಡಿ; ಆಳಿಗಿಂತ ಹೆಚ್ಚಿನ ಕೆಲಸ ಅದು ಮಾಡುತ್ತದೆ.

6. ಎರಡೂ ಗಿಡಗಳು ಕಾಡಿನ ನೆರಳಿನಲ್ಲಿ ಹುಟ್ಟಿದವು, ಅರೇಬಿಕಾ ಇನ್ನೂ ಹೆಚ್ಚು. ಅತ್ತಿ, ಹಲಸು, ನಂದಿ ಮುಂತಾದ ಊರಿನ ಮರಗಳನ್ನು ಮಾರಿ ಬರೀ ಸಿಲ್ವರ್ ಓಕ್ ನಿಲ್ಲಿಸಿದರೆ ತಂಪು ಹೋಗುತ್ತದೆ, ಬಿಸಿಲು ಬಿದ್ದ ಅರೇಬಿಕಾ ಕಾಂಡಕ್ಕೆ ಬೋರರ್ ಬರುತ್ತದೆ. ಹವೆ ಬಿಸಿಯಾಗುವ ಕಾಲದಲ್ಲಿ ನೆರಳುಮರವೇ ಬಡವನ ಎತ್ತರ. ಬೆಟ್ಟ ಏರಲಾರದ ಗಿಡಕ್ಕೆ ಅದು ಒಂದೆರಡು ಡಿಗ್ರಿ ತಂಪನ್ನು ಇಳಿಸಿ ಕೊಡುತ್ತದೆ.

ರೋಬಸ್ಟಾ ಈಗ ನಮ್ಮ ಅನ್ನ. ಅದನ್ನು ಕಡೆಗಣಿಸುವ ಮಾತಿಲ್ಲ. ಅರೇಬಿಕಾ ಈ ನಾಡಿಗೆ ಮೂರು ಶತಮಾನಕ್ಕೂ ಮೀರಿ ಹೆಸರು ತಂದ ಬೆಳೆ. ಮುಂದೆ ಯಾವ ರೋಗ, ಯಾವ ಹವೆ ಬರುತ್ತದೋ ಅದಕ್ಕೆ ಬೇಕಾದ ಗುಣ ಎಲ್ಲಿಯೋ ಒಂದು ಕಾಡಿನ ಗಿಡದಲ್ಲಿ ಇರಬಹುದು, ನಮ್ಮದೇ ತೋಟದ ಹಳೆಯ ಮೂಲೆಯಲ್ಲೂ ಇರಬಹುದು. ಮಳೆಗಾಲ ಮುಗಿದು ತುಕ್ಕಿಗೆ ಎಲೆ ಉದುರುವ ಹೊತ್ತಿನಲ್ಲಿ ಸದಸ್ಯರು ತಮ್ಮ ಅರೇಬಿಕಾ ಸಾಲುಗಳನ್ನು ಒಮ್ಮೆ ಈ ಕಣ್ಣಿನಿಂದ ನೋಡಿಕೊಂಡು ಬರಬೇಕಾಗಿ ವಿನಂತಿ.